ಕಸ್ತೂರಮ್ಮನ ಬೂತಿಗೆ ಬಂದ ಹೊಸ ಯಂತ್ರ

ನಿಮ್ಮ ಊರಿನಲ್ಲೂ ಅಂಥದೊಂದು ಕೋಣೆ ಇರಬಹುದು. ರಸ್ತೆಗೆ ಮುಖ ಮಾಡಿದ ಚಿಕ್ಕ ಕೋಣೆ. ಮೇಲೆ ಮಾಸಿದ ಹಳದಿ ಬೋರ್ಡು. ಅದರ ಮೇಲೆ ಎಸ್.ಟಿ.ಡಿ. ಎಂದು ಬರೆದದ್ದು ಅರ್ಧ ಅಳಿಸಿರುತ್ತದೆ. ಒಳಗೆ ಹಳೆಯ ಸೈಕಲ್ಲು, ಗೋಣಿಚೀಲ, ಜೇಡರ ಬಲೆ.

ನ್ಯಾಮತಿಯಲ್ಲಿ ಅಂಥ ಕೋಣೆ ನನ್ನ ಸೋದರತ್ತೆ ಕಸ್ತೂರಮ್ಮನದು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಾನು ಸಣ್ಣವಳಿದ್ದಾಗ ಆ ಕೋಣೆಯ ಕಟ್ಟೆಯ ಮೇಲೆ ಕೂತೇ ಮಗ್ಗಿ ಕಲಿತೆ. ಗಾಜಿನ ಗೂಡಿನೊಳಗೆ ಯಾರೋ ಜೋರಾಗಿ ಮಾತಾಡುತ್ತಿರುತ್ತಿದ್ದರು. ಮೀಟರಿನಲ್ಲಿ ಕೆಂಪು ಅಂಕಿಗಳು ಓಡುತ್ತಿದ್ದವು. ಮಾತು ಮುಗಿದ ಕೂಡಲೇ ಪುಟ್ಟ ಯಂತ್ರ ಕಿರ್ರೆಂದು ಚೀಟಿ ಉಗುಳುತ್ತಿತ್ತು. ಅತ್ತೆ ಆ ಚೀಟಿಯನ್ನು ಹರಿದು ಕೊಡುವ ಗತ್ತೇ ಬೇರೆ.

ಆಗ ನಮ್ಮ ಬೀದಿಯ ಯಾರ ಮನೆಯಲ್ಲೂ ಫೋನಿರಲಿಲ್ಲ. ಮದುವೆ ಕಾಗದದಲ್ಲಿ ಎಲ್ಲರೂ ಅತ್ತೆಯ ಬೂತಿನ ನಂಬರನ್ನೇ ಹಾಕಿಸುತ್ತಿದ್ದರು. ಪಕ್ಕದಲ್ಲಿ ‘ಪಿ.ಪಿ.’ ಎಂದು ಎರಡಕ್ಷರ, ಬೇರೆಯವರ ಫೋನು, ಕರೆದು ಕೊಡುತ್ತಾರೆ ಎಂಬ ಗುರುತು. ಯಾರಿಗಾದರೂ ಕರೆ ಬಂದರೆ ಅತ್ತೆ ರಿಸೀವರಿನ ಬಾಯಿಗೆ ಅಂಗೈ ಒತ್ತಿ, ಮೆಟ್ಟಿಲಿಗೆ ಬಂದು ನಿಂತು ಕೂಗುತ್ತಿದ್ದರು.

“ಮೂಕಮ್ಮಾ... ಫೋನ್ ಬಂದೈತೇ!”

ಎದುರು ಮನೆಯ ಮೂಕಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದಳು. ಹೆರಿಗೆಯಾಯಿತು ಎಂಬುದೂ ಪಾಸಾದೆ ಎಂಬುದೂ ಬೀದಿಗೆ ಮೊದಲು ಗೊತ್ತಾಗುತ್ತಿದ್ದದ್ದು ಆ ಮೆಟ್ಟಿಲಿನಿಂದ.

ಆಮೇಲೆ ಎಲ್ಲರ ಸೊಂಟಕ್ಕೂ ಮೊಬೈಲು ಬಂತು. ಅತ್ತೆ ಬೂತಿನ ಬಾಗಿಲು ಹಾಕಿದರು. ಆದರೆ ಬೋರ್ಡು ಇಳಿಸಲಿಲ್ಲ. ಪ್ರತಿ ಶುಕ್ರವಾರ ಒಳಗೆ ಹೋಗಿ, ಕರೆ ಬಾರದ ಆ ಕಪ್ಪು ಫೋನನ್ನು ಸೆರಗಿನಲ್ಲಿ ಒರೆಸಿ ಬರುತ್ತಿದ್ದರು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಮಾರುತಿ ಎಂಬಾತ ಬಂದ. ಇಸ್ತ್ರಿ ಮಾಡಿದ ಅಂಗಿ, ಕತ್ತಿನಲ್ಲಿ ಗುರುತಿನ ಚೀಟಿ. ಬೋರ್ಡು ನೋಡಿದವನೇ ಕೈ ಮುಗಿದ.

“ಇದು ನಿಮ್ದೇ ಬೂತಾ ಅಮ್ಮಾ? ನಮ್ ಕಂಪ್ನಿ ಇಂಥ ಬೂತುಗಳನ್ನ ಮತ್ತೆ ಶುರು ಮಾಡ್ತೈತೆ. ಇಂಟರ್‌ನೆಟ್ ಮೇಲೆ ಫೋನು. ಹೊರದೇಶದ ಕಾಲ್‌ಗಳೆಲ್ಲ ನಿಮ್ ಕೋಣೆಯಿಂದಾನೇ ಹೋಗ್ತವೆ. ಬಾಡಿಗೆ ಬೇರೆ ಕೊಡ್ತೀವಿ.”

ಬಾಡಿಗೆಯ ಮಾತು ಅತ್ತೆಯ ಕಿವಿಗೆ ಬೀಳಲೇ ಇಲ್ಲ. ‘ನಿಮ್ಮ ಕೋಣೆಯಿಂದಾನೇ’ ಎಂಬುದೊಂದೇ ಬಿತ್ತು. ಅಂದು ಸಂಜೆ ನಮ್ಮ ಅಡುಗೆಮನೆಗೆ ಬಂದು ಹೇಳಿದರು.

“ಅನ್ನಪೂರ್ಣಾ, ಬೂತು ಮತ್ತೆ ಉಸಿರಾಡ್ತೈತೆ ಕಣೇ!”

ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಏನೋ ಕೇಳಬೇಕೆನಿಸಿತು. ಕೇಳಲಾಗಲಿಲ್ಲ. ನನಗೆ ಯಾವತ್ತೂ ಮಾತು ಗಂಟಲಿನಲ್ಲೇ ನಿಲ್ಲುತ್ತದೆ. ಹಾಗಾಗಿ ಡೈರಿಯಲ್ಲಿ ಬರೆದಿಡುತ್ತೇನೆ.

ಯಂತ್ರ ಬಂದ ದಿನ ಬರೆದದ್ದು ಇಷ್ಟು: ‘ಅಕ್ಕಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಅದರ ತುಂಬ ಸಣ್ಣ ಆಂಟೆನಾಗಳು, ಸಾಲಾಗಿ ಸಿಮ್ ಹಾಕುವ ಕಿಂಡಿಗಳು. ಮಾರುತಿ ಒಂದು ಸಿಮ್ಮಿಗೆಂದು ಅತ್ತೆಯ ಆಧಾರ್ ತಗೊಂಡು ಹೆಬ್ಬೆರಳು ಒತ್ತಿಸಿದ. ಸರಿಯಾಗಿ ಹಿಡಿಯಲಿಲ್ಲ ಎಂದು ಮತ್ತೆ ಮತ್ತೆ ಒತ್ತಿಸಿದ. ನಾನು ಎಣಿಸಿದ್ದು ಆರು ಸಲ. ಕೋಣೆಗೆ ಹೊಸ ಬೀಗ. ಗಾಜಿಗೆ ಒಳಗಿನಿಂದ ಪೇಪರು ಅಂಟಿಸಿದ. ಯಾರಿಗೂ ಹೇಳಬೇಡಿ, ಬೇರೆ ಕಂಪನಿಯವರು ಪೈಪೋಟಿಗೆ ಬರುತ್ತಾರೆ ಎಂದ.’

ಹತ್ತು ದಿನ ಬಿಟ್ಟು ಮಾರುತಿ ಮತ್ತೆ ಬಂದ. ಇನ್ನಷ್ಟು ಸಿಮ್ ಬೇಕು, ನಿಮ್ಮ ಪರಿಚಯದವರ ಆಧಾರ್ ಕೊಡಿಸಿ ಎಂದ. ಅತ್ತೆ ಒಂದು ಗಳಿಗೆಯೂ ಯೋಚಿಸಲಿಲ್ಲ.

“ಶನಿವಾರ ನಮ್ ಸಂಘದ ಸಭೆ ಐತೆ. ಇಪ್ಪತ್ತು ಜನ ಬರ್ತಾರೆ. ಬೆರಳೊತ್ತೋ ಮಿಷಿನ್ ತಗಂಡು ಬಾರಪ್ಪ.”

ಬೀದಿಯಲ್ಲಿ ಯಾರೂ ಇಲ್ಲವೆನ್ನಲಿಲ್ಲ. ಮೂಕಮ್ಮ ಅಂತೂ ಹೀಗೆಂದಳು: “ಅವಾಗ ನಾವೆಲ್ಲ ನಿನ್ ನಂಬರ್ ಇಟ್ಕಂಡಿದ್ವಲ್ಲಕ್ಕಾ, ಬಿಡಿಗಾಸು ಕೇಳ್ಲಿಲ್ಲ ನೀನು. ಈಗ ನಮ್ ಹೆಸ್ರು ನೀನಿಟ್ಕೋ. ಹೆಸರೇನು ಸವದು ಹೋಗ್ತೈತಾ?”

ಪಿ.ಪಿ. ನಂಬರಿನ ಋಣ ತೀರಿಸಲು ಇಡೀ ಬೀದಿಯೇ ಹೆಬ್ಬೆರಳು ಹಿಡಿದು ಕೂತಿತ್ತು.

ಶುಕ್ರವಾರ ಮಧ್ಯಾಹ್ನ ಗಾದ್ರಮ್ಮ ಬಂದಳು. ಜಗಳೂರು ಕಡೆಯವಳು, ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಅವಳ ಮಗಳು ಸುಧಾ ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಗಾದ್ರಮ್ಮ ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಂಡಳು.

“ಏನ್ ಹೇಳ್ಲಿ ಅನ್ನಪೂರ್ಣಾ, ನನ್ ಮರ್ಯಾದಿ ಹೋತು. ಬೆಳಿಗ್ಗೆ ಸುಧಾ ಫೋನ್ ಮಾಡಿದ್ಲು. ‘ಅವ್ವಾ’ ಅನ್ನೋಷ್ಟ್ರಾಗೆ ಕಟ್ಟಾತು. ನಂಬರ್ ನೋಡಿದ್ರೆ ನಮ್ ಕಡೇದು! ಯವ್ವಾ, ಮಗ್ಳು ಹೇಳ್ದೆ ಕೇಳ್ದೆ ಬಂದುಬಿಟ್ಟಾಳೆ ಅಂತ ತಿಳ್ಕಂಡು ಬಸ್ ಸ್ಟ್ಯಾಂಡಿಗೆ ಓಡ್ದೆ. ಶಿವಮೊಗ್ಗದ ಬಸ್ಸು, ಹೊನ್ನಾಳಿ ಬಸ್ಸು, ಎಲ್ಲದ್ರಾಗೂ ಇಣುಕಿದೆ. ಕಂಡಕ್ಟರು ‘ಏನಮ್ಮಾ, ಸೀಟು ಎಣಿಸ್ತೀಯಾ?’ ಅಂದ.”

“ಆಮೇಲೆ?”

“ಆಮೇಲೇನು, ನಾನೇ ಸುಧಾನ ನಂಬರಿಗೆ ಮಾಡಿದೆ. ‘ಅವ್ವಾ, ನಾನು ಮಸ್ಕತ್ತಿನಾಗೇ ಇದೀನಿ, ಹೊಸ ಆ್ಯಪ್ ಒಂದು ಐತೆ, ಬಾಳ ಕಡಿಮಿ ರೇಟು, ಅದ್ರಾಗೆ ಮಾಡಿದ್ದೆ’ ಅಂದ್ಲು. ಹೋಳಿಗೆಗೆ ಬ್ಯಾಳೆ ನೆನಸಿಟ್ಟಿದ್ನಲ್ಲೇ!”

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ನನಗೆ ನಗು ಬರಲಿಲ್ಲ. ಮಸ್ಕತ್ತಿನ ಕರೆಗೆ ನಮ್ಮ ಕಡೆಯ ನಂಬರು ಹೇಗೆ ಬರುತ್ತದೆ?

ನನ್ನ ಸಹಪಾಠಿ ಮೇಘಶ್ರೀ ದಾವಣಗೆರೆಯಲ್ಲಿ ಒಂದು ಇಂಟರ್‌ನೆಟ್ ಕಂಪನಿಯ ಕಚೇರಿಯಲ್ಲಿದ್ದಾಳೆ. ಯಂತ್ರ ಬಂದ ದಿನದ ಡೈರಿ ಪುಟದ ಫೋಟೋ ತೆಗೆದು, ಗಾದ್ರಮ್ಮನ ಕರೆಯ ವಿಷಯವನ್ನೂ ನಾಳೆಯ ಸಭೆಯನ್ನೂ ಬರೆದು ಅವಳಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು. ‘ನಾಳೆ ಬರ್ತೀನಿ. ಅಲ್ಲಿವರೆಗೂ ಯಾರೂ ಬೆರಳೊತ್ತಬಾರದು.’

ಶನಿವಾರ ಸಂಘದ ಹೆಂಗಸರು ಅತ್ತೆಯ ಪಡಸಾಲೆಯಲ್ಲಿ ಸೇರಿದರು. ಎಲ್ಲರ ಕೈಯಲ್ಲೂ ಆಧಾರ್ ಕಾರ್ಡು. ಮಾರುತಿ ನಾಲ್ಕಕ್ಕೆ ಬರುತ್ತೇನೆ ಎಂದಿದ್ದ. ಮೇಘಶ್ರೀ ಮೂರಕ್ಕೇ ಬಂದಳು. ಈ ಪೆಟ್ಟಿಗೆ ಇಡುವುದೇ ಕಾನೂನಿಗೆ ವಿರುದ್ಧ ಎಂದು ಅವಳು ಹೇಳಿದ್ದು ಕೇಳಿ ಅತ್ತೆಗೆ ಸಿಟ್ಟು ಬಂತು.

“ಅಲ್ಲವ್ವಾ, ವಾಟ್ಸಾಪಿನಾಗೆ ಮಾತಾಡೋದೂ ಇಂಟರ್‌ನೆಟ್ಟೇ ಅಲ್ಲೇನು? ಅದೂ ತಪ್ಪಾ? ಇಡೀ ಊರನ್ನ ಜೈಲಿಗೆ ಹಾಕ್ಸು ಹಂಗಾರೆ.”

“ಅದು ತಪ್ಪಲ್ಲ ಅತ್ತೆ. ಅಲ್ಲಿ ಆ್ಯಪಿಂದ ಆ್ಯಪಿಗೆ ಮಾತು. ಇಂಟರ್‌ನೆಟ್ ಫೋನೂ ಕೆಟ್ಟದ್ದಲ್ಲ, ಪರವಾನಗಿ ತಗಂಡ ಕಂಪನಿಗಳು ಕೊಡ್ತಾವೆ. ಆದ್ರೆ ಹೊರದೇಶದಿಂದ ಇಂಟರ್‌ನೆಟ್ಟಿನಾಗೆ ಬಂದ ಕರೇನ ನಮ್ ಮಾಮೂಲಿ ಫೋನ್ ನಂಬರಿಗೆ ಜೋಡಿಸಬೇಕಂದ್ರೆ ಸರ್ಕಾರದ ಪರವಾನಗಿ ಬೇಕೇ ಬೇಕು. ಆ ಕರೆ ಅಂಥ ಕಂಪನಿಯ ಬಾಗಿಲಿಂದಾನೇ ಒಳಗೆ ಬರಬೇಕು. ಯಾರು, ಎಲ್ಲಿಂದ ಮಾಡಿದ್ರು ಅಂತ ಅಲ್ಲಿ ದಾಖಲಾಗ್ತೈತೆ.”

“ಈ ಪೆಟ್ಟಿಗಿ ಏನು ಮಾಡ್ತೈತೆ?” ಮೂಕಮ್ಮ ಕೇಳಿದಳು.

“ಹಿತ್ತಲ ಬಾಗಿಲಿಂದ ಒಳಗೆ ಬಿಡ್ತೈತೆ. ಮಸ್ಕತ್ತಿನ ಕರೆ ಇಂಟರ್‌ನೆಟ್ಟಿನಾಗೆ ಇಂಥ ಪೆಟ್ಟಿಗೆಗೆ ಬರ್ತೈತೆ. ಒಳಗಿನ ಸಿಮ್ಮಿಂದ ಲೋಕಲ್ ಕಾಲ್ ಆಗಿ ಹೊರಗೆ ಹೋಗ್ತೈತೆ. ಅದಕ್ಕೇ ಗಾದ್ರಮ್ಮನೋರಿಗೆ ನಮ್ ಕಡೆ ನಂಬರ್ ಕಂಡಿದ್ದು.”

“ಸುಧಾ ಏನು ಕಳ್ಳೀನಾ?” ಗಾದ್ರಮ್ಮ ಎದ್ದು ನಿಂತಳು.

“ಅಯ್ಯೋ ಕೂತ್ಕಳ್ರಿ, ಆಕೀಗೆ ಪಾಪ ಏನೂ ಗೊತ್ತಿಲ್ಲ. ಆದ್ರೆ ಅದೇ ದಾರೀಲಿ ಮೋಸಗಾರನೂ ಬರ್ತಾನೆ. ‘ನಾನು ಬ್ಯಾಂಕಿನೋನು, ನಾನು ಪೊಲೀಸು’ ಅಂತ ಯಾರಿಗೋ ಹೆದರಿಸ್ತಾನೆ. ಅವನು ಯಾವ ದೇಶದಾಗೆ ಕೂತಿದಾನೋ. ಪೊಲೀಸರು ನಂಬರ್ ಹಿಡ್ಕಂಡು ಹುಡುಕಿದ್ರೆ ಬರೋದು ಯಾರ ಮನೆಗೆ? ಸಿಮ್ ಯಾರ ಹೆಸರಲ್ಲಿ ಐತೋ ಅವರ ಮನೆಗೆ.”

ಮೂಕಮ್ಮ ಆಧಾರ್ ಕಾರ್ಡನ್ನು ಮೆಲ್ಲಗೆ ಕುಪ್ಪಸದೊಳಗೆ ಸೇರಿಸಿದಳು.

ಅತ್ತೆ ಒಪ್ಪಲಿಲ್ಲ. “ನಾನು ಕೊಟ್ಟಿದ್ದು ಒಂದೇ ಸಿಮ್ಮು.”

ಆಗ ನಾನು ಎದ್ದೆ. ಮಾತು ಬರಲಿಲ್ಲವಾಗಿ ಡೈರಿಯನ್ನೇ ತೆರೆದು ಓದಿದೆ. “ಸರಿಯಾಗಿ ಹಿಡಿಯಲಿಲ್ಲ ಎಂದು ಮತ್ತೆ ಮತ್ತೆ ಒತ್ತಿಸಿದ. ನಾನು ಎಣಿಸಿದ್ದು ಆರು ಸಲ.”

ಮೇಘಶ್ರೀ ಅತ್ತೆಯ ಮೊಬೈಲಿನಲ್ಲೇ ಸರ್ಕಾರದ ‘ಸಂಚಾರ ಸಾಥಿ’ ಜಾಲತಾಣ ತೆರೆದಳು. ಅತ್ತೆಯ ನಂಬರು ಹಾಕಿದಳು, ಬಂದ ಒ.ಟಿ.ಪಿ. ಹಾಕಿದಳು. ಅತ್ತೆಯ ಹೆಸರಿನಲ್ಲಿರುವ ಸಿಮ್ಮುಗಳ ಪಟ್ಟಿ ಬಂತು. ಅತ್ತೆ ದಿನಾ ಬಳಸುವ ನಂಬರು ಒಂದು. ಅದರ ಕೆಳಗೆ ಆರು ಹೊಸವು.

ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಪಟ್ಟಿ ಬದಲಾಗಲಿಲ್ಲ.

“ಅತ್ತೆ, ನಿಮ್ ಬೂತಿಗೆ ಇಲಾಖೆಯ ಕಾಗದ ಇತ್ತಾ?” ಮೇಘಶ್ರೀ ಮೆತ್ತಗೆ ಕೇಳಿದಳು.

“ಇತ್ತಾ ಅಂದ್ರೆ? ಐತೆ!” ಅತ್ತೆ ಗೋಡೆಯತ್ತ ಕೈ ತೋರಿಸಿದರು. ಕಟ್ಟು ಹಾಕಿಸಿದ ಕಾಗದ. ದೂರವಾಣಿ ಇಲಾಖೆಯ ದುಂಡು ಮೊಹರು, ಕೆಳಗೆ ‘ಶ್ರೀಮತಿ ಕಸ್ತೂರಮ್ಮ, ನ್ಯಾಮತಿ’. “ಈ ಕಾಗದಕ್ಕೆ ಎಂಟು ತಿಂಗಳು ಅಲೆದೀನಿ. ತಪಾಸಣೆಗೆ ಬಂದೋರು ಒಂದು ತಪ್ಪು ಹುಡುಕ್ಲಿಲ್ಲ. ಚೀಟಿ ಕೊಡದೆ ಒಬ್ರನ್ನೂ ಕಳಿಸಿದೋಳಲ್ಲ ನಾನು. ಮೂಕಮ್ಮನ್ನ ಕೇಳು.”

“ಹಂಗಾರೆ ಈ ಪೆಟ್ಟಿಗೇದು ಕಾಗದ ಎಲ್ಲಿ ಅತ್ತೆ?”

ಅತ್ತೆ ಗೋಡೆಯ ಮೇಲಿನ ಕಾಗದವನ್ನೇ ತುಂಬಾ ಹೊತ್ತು ನೋಡಿದರು. ಆಮೇಲೆ ಫೋನೆತ್ತಿ ಮಾರುತಿಗೆ ಕರೆ ಮಾಡಿದರು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು.

“ಮಾರುತಿ, ಬರುವಾಗ ಆ ಮಿಷಿನ್ನಿನ ಸರ್ಕಾರಿ ಪರವಾನಗಿ ತಗಂಡು ಬಾರಪ್ಪ. ಕಟ್ಟು ಹಾಕ್ಸಿ ಗೋಡೆಗೆ ಹಾಕ್ತೀನಿ.”

“ಅದೆಲ್ಲ ಕಂಪ್ನೀಲಿ ಐತಮ್ಮ. ನಿಮಗ್ಯಾಕೆ? ಕೋಣೆ ಬಾಗಿಲು ತೆಗೀಬೇಡಿ, ಯಾರಿಗೂ ತೋರಿಸಬೇಡಿ, ಅಷ್ಟೇ.”

“ನನ್ ಬೂತಿಗೆ ಗಾಜಿನ ಬಾಗಿಲಿತ್ತು ಕಣಪ್ಪ,” ಅತ್ತೆ ಹೇಳಿದರು. “ಮುಚ್ಚಿಡಾಕೆ ಅಲ್ಲೇನೂ ಇರ್ಲಿಲ್ಲ.”

ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಸ್ವಿಚ್ ಆಫ್. ನಾಲ್ಕಾಯಿತು, ಐದಾಯಿತು. ಮಾರುತಿ ಬರಲಿಲ್ಲ.

ಮೇಘಶ್ರೀ ಸುಮ್ಮನೆ ಹೆದರಿಸಲಿಲ್ಲ, ಇದ್ದದ್ದನ್ನು ಹೇಳಿದಳು. ಅನುಮತಿಯಿಲ್ಲದೆ ಇಂಥ ದೂರಸಂಪರ್ಕ ವ್ಯವಸ್ಥೆ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಕೋಟಿ ಲೆಕ್ಕದ ದಂಡ ಇದೆ. ಪೆಟ್ಟಿಗೆಯನ್ನು ನಾವೇ ಕಿತ್ತು ಎಸೆಯುವುದೂ ತಪ್ಪು, ಸಾಕ್ಷಿ ಹೋಗುತ್ತದೆ. ಗೊತ್ತಾದ ಕೂಡಲೇ ನಾವಾಗಿಯೇ ಹೋಗಿ ತಿಳಿಸಬೇಕು.

“ಪೊಲೀಸ್ ಸ್ಟೇಷನ್ನಿಗಾ?” ಗಾದ್ರಮ್ಮ ಕೇಳಿದಳು. “ಜನ ಏನಂತಾರಕ್ಕಾ?”

“ಈ ಬೀದಿಯ ಸುದ್ದಿ ಮೊದ್ಲು ಹೇಳೋಳು ನಾನೇ ಅಲ್ಲೇನು ಯಾವಾಗ್ಲೂ?” ಅತ್ತೆ ಸೆರಗು ಸಿಕ್ಕಿಸಿದರು. “ಇದನ್ನೂ ನಾನೇ ಹೇಳ್ತೀನಿ.”

ಗೋಡೆಯ ಮೇಲಿನ ಕಾಗದವನ್ನು ಇಳಿಸಿ ಕಂಕುಳಲ್ಲಿಟ್ಟುಕೊಂಡು ಅವರು ಮುಂದೆ ನಡೆದರು. ನಾವು ಇಪ್ಪತ್ತು ಜನ ಹಿಂದೆ. ಠಾಣೆಯವರು ಮೊದಲು ಗಾಬರಿಯಾದರು, ಧರಣಿಗೆ ಬಂದಿದ್ದೇವೆ ಎಂದುಕೊಂಡು.

ಮರುದಿನ ಅಧಿಕಾರಿಗಳು ಬಂದು ಪೆಟ್ಟಿಗೆ ಒಯ್ದರು. ಅತ್ತೆ ಹೇಳಿಕೆ ಕೊಡಲು ಎರಡು ಸಲ ದಾವಣಗೆರೆಗೆ ಹೋಗಿ ಬರಬೇಕಾಯಿತು. ವಿಚಾರಣೆ ಇನ್ನೂ ಮುಗಿದಿಲ್ಲ. “ನೀವೇ ಬಂದು ಹೇಳಿದ್ದು ಒಳ್ಳೇದಾಯ್ತು ಅಮ್ಮಾ. ನಾವಾಗಿ ಹುಡುಕಿಕೊಂಡು ಬಂದಿದ್ರೆ ಕಥೆ ಬೇರೆ ಇತ್ತು,” ಎಂದರು ಅಧಿಕಾರಿ. ಅತ್ತೆಯ ಹೆಸರಿನಲ್ಲಿದ್ದ ಆ ಆರು ಸಿಮ್ಮುಗಳೂ ಬಂದ್ ಆದವು. ಉಳಿದವರ ಹೆಬ್ಬೆರಳು ಉಳಿಯಿತು.

ನಾನು ಗಾಜಿನ ಪೇಪರನ್ನು ನೀರು ಹಚ್ಚಿ ಕಿತ್ತೆ. ಕೋಣೆಯೊಳಗೆ ಮತ್ತೆ ಬಿಸಿಲು ಬಿತ್ತು. ಈಗ ಶನಿವಾರದ ಸಭೆ ಅಲ್ಲೇ ನಡೆಯುತ್ತದೆ. ಸುತ್ತಲ ಹಳ್ಳಿಯವರೂ ಬಂದು, ತಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಿಸಿಕೊಂಡು ಹೋಗುತ್ತಾರೆ. ನೋಡುವುದನ್ನು ಹೇಳಿಕೊಡುವವಳು ನಾನು. ಈಗ ಮಾತು ಅಷ್ಟು ಕಷ್ಟವಾಗುವುದಿಲ್ಲ.

ಮೊನ್ನೆ ಗಾದ್ರಮ್ಮ ಮೊಬೈಲನ್ನು ಬೂತಿನ ಕೋಣೆಯಲ್ಲಿ ಚಾರ್ಜಿಗಿಟ್ಟು ಶಾಲೆಯ ಕಡೆ ಹೊರಟಿದ್ದಳು. ಫೋನು ಹೊಡೆದುಕೊಂಡಿತು. ಅತ್ತೆ ಬಗ್ಗಿ ನೋಡಿದರು. ಒಂಬತ್ತು, ಆರು, ಎಂಟರಿಂದ ಶುರುವಾಗುವ ಮಸ್ಕತ್ತಿನ ನಂಬರು. ನೆಟ್ಟನೆಯ ದಾರಿಯಲ್ಲಿ ಬಂದ ಕರೆ. ಅತ್ತೆ ಎತ್ತಿದರು, “ಹೋಲ್ಡ್ ಮಾಡವ್ವಾ ಸುಧಾ,” ಎಂದರು. ಅಂಗೈಯಿಂದ ಮೊಬೈಲಿನ ಬಾಯಿ ಮುಚ್ಚಿ, ಮೆಟ್ಟಿಲಿಗೆ ಬಂದು ನಿಂತು, ಇಡೀ ಬೀದಿಗೆ ಕೇಳುವಂತೆ ಕೂಗಿದರು.

“ಗಾದ್ರಮ್ಮಾ... ಫೋನ್ ಬಂದೈತೇ!”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನ ಹಳೆಯ ಬೂತು, ಖಾಲಿ ಅಂಗಡಿ, ಮಹಡಿಯ ಕೋಣೆ ಕೇಳಿಕೊಂಡು ಮಾರುತಿಯಂಥವರು ಬರಬಹುದು. ಇಂಟರ್‌ನೆಟ್ ಫೋನಿನ ಯಂತ್ರ ಇಡುತ್ತೇವೆ ಎಂದರೆ ಮೊದಲು ಪರವಾನಗಿ ಕೇಳಿ. ತೋರಿಸದಿದ್ದರೆ ಬಾಗಿಲು ತೋರಿಸಿ. ಯಾರ ಮೇಲಿನ ಪ್ರೀತಿಗೂ, ಯಾವ ಹಳೆಯ ಋಣಕ್ಕೂ ನಿಮ್ಮ ಹೆಸರಿನ ಸಿಮ್ ಬೇರೆಯವರಿಗೆ ಕೊಡಬೇಡಿ. ‘ಬೆರಳು ಹಿಡಿಯಲಿಲ್ಲ, ಇನ್ನೊಮ್ಮೆ ಒತ್ತಿ’ ಎಂದರೆ ಯಾಕೆಂದು ಕೇಳಿ. ಹೊರದೇಶದವರ ಕರೆ ನಮ್ಮ ದೇಶದ ನಂಬರಿನಿಂದ ಬಂದರೆ ‘ಸಂಚಾರ ಸಾಥಿ’ಯಲ್ಲಿ ತಿಳಿಸಿ. ನಿಮ್ಮದಲ್ಲದ ಸಿಮ್ ನಿಮ್ಮ ಹೆಸರಿನಲ್ಲಿದ್ದರೆ ಅಲ್ಲೇ ‘ಇದು ನನ್ನದಲ್ಲ’ ಎಂದು ಒತ್ತಿ. ಫೋನಿನಲ್ಲಿ ದುಡ್ಡು ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಿ.

ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಮೊಬೈಲನ್ನು ಒಮ್ಮೆ ಕೈಗೆತ್ತಿಕೊಳ್ಳಿ. ನಿಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆ, ಈಗಲೇ ನೋಡಿ. ಆಮೇಲೆ ಮೆಟ್ಟಿಲಿಗೆ ಬಂದು ಪಕ್ಕದ ಮನೆಯವರನ್ನೂ ಕೂಗಿ ಕರೆಯಿರಿ.