ಕಂಬಳಿ ತಡೆಯದ ಕಿರಣ

“ಹೆಂಡ ಕುಡುದು ಕುಡುದು ಸತ್ತಾನಲೇ ನಿನ್ ಮಗ. ನಾಳಿಂದ ಅಂಜಿನೀನ ಕಳಸು.”

ಪಾಲಾಕ್ಷಪ್ಪ ಜೀಪಿನಿಂದ ಇಳಿಯಲೂ ಇಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ ನನ್ನ ಹಿರಿಯ ಮಗ ದುರುಗಣ್ಣ ತೀರಿಕೊಂಡ ಸುದ್ದಿ ನಮಗೆ ತಿಳಿದದ್ದು ಹೀಗೆ. ಅಂಜಿನಿ ಕಿರಿಯ ಮಗ. ಪಾಲಾಕ್ಷಪ್ಪ ಕಾನಹೊಸಹಳ್ಳಿಯ ಹತ್ತಿರ ಪೈಪ್‌ಲೈನ್ ಹಾಕಿಸುತ್ತಿದ್ದ ಗುತ್ತಿಗೆದಾರ. ಸತ್ತವನ ಜಾಗಕ್ಕೆ ಇನ್ನೊಬ್ಬನನ್ನು ಕೇಳುವಾಗ ಆತನಿಗೆ ನಡುವೆ ಉಸಿರು ತೆಗೆದುಕೊಳ್ಳಬೇಕೆಂದೂ ಅನಿಸಲಿಲ್ಲ.

ಪೈಪಿನ ಬೆಸುಗೆ ಗಟ್ಟಿಯಾಗಿದೆಯೇ ಎಂದು ನೋಡಲು ಅಲ್ಲಿ ಎಕ್ಸ್‌ರೇಯಂಥ ಫೋಟೊ ತೆಗೆಯುತ್ತಿದ್ದರು. ಅದಕ್ಕೊಂದು ಸೀಸದ ಪೆಟ್ಟಿಗೆ. ಒಳಗಿನ ಉಗುರಿನಷ್ಟು ಲೋಹದಿಂದ ಕಣ್ಣಿಗೆ ಕಾಣದ ಕಿರಣ ಬರುತ್ತಿತ್ತು. ದೂರದಿಂದ ಹಿಡಿಕೆ ತಿರುಗಿಸಿ ಅದನ್ನು ಹೊರಗೆ ಕಳಿಸಬೇಕು, ಫೋಟೊ ಆದಮೇಲೆ ಒಳಗೆ ಎಳೆದುಕೊಳ್ಳಬೇಕು. ಒಂದು ದಿನ ಅದು ಹೊರಗೇ ಸಿಕ್ಕಿಕೊಂಡಿತು. ಇಂಜಿನಿಯರು ಮೊಳ ದಪ್ಪದ ಕಾಂಕ್ರೀಟ್ ಗೋಡೆಯ ಹಿಂದೆ ಕುರ್ಚಿ ಹಾಕಿಕೊಂಡಿದ್ದರು. ಅವರ ಊಟದ ಡಬ್ಬಿಯೂ ಗೋಡೆಯ ಹಿಂದೆಯೇ ಇತ್ತು. ಅವರ ಅನ್ನಕ್ಕೂ ಅಷ್ಟು ಕಾವಲು.

ನಾವು ಸುಣ್ಣದ ಬಟ್ಟಿಯವರು. ಬೆಂಕಿಯ ಮುಂದೆ ಒದ್ದೆ ಕಂಬಳಿ ಹೊದ್ದು ನಿಲ್ಲುವುದು ಹಿರಿಯರಿಂದ ಬಂದ ರೂಢಿ. ಪಾಲಾಕ್ಷಪ್ಪನಿಗೆ ಅದು ಗೊತ್ತಿತ್ತು.

“ಕಂಬಳಿ ತೋಯಿಸಿ ಹೊದ್ಕಳಲೇ. ಕೈಲೆ ಎಳದು ಒಳಗ ಹಾಕು,” ಎಂದು ಅಲ್ಲಿ ಕೂಲಿಗಿದ್ದ ದುರುಗಣ್ಣನನ್ನು ಕಳಿಸಿದ.

ಸಂಜೆ ಮನೆಗೆ ಬಂದ ದುರುಗಣ್ಣ ನಗುತ್ತಿದ್ದ. “ಬಿಸೀನ ಇಲ್ಲಪಾ ಅದು. ಬಟ್ಟಿ ಕೆಲಸಕ್ಕಿಂತ ಇದ ಚಲೋ ಐತಿ.”

ಉಂಡದ್ದೆಲ್ಲ ವಾಂತಿಯಾಯಿತು. ಆಮೇಲೆ ಬೆರಳು ಕಪ್ಪಾದವು, ಕೂದಲು ಹಿಡಿ ಹಿಡಿಯಾಗಿ ಉದುರಿತು.

“ಇದು ಬೆಂಕಿಯಲ್ಲಪ್ಪ,” ಎಂದರು ಬಳ್ಳಾರಿಯ ಡಾಕ್ಟರು. “ಬಟ್ಟೆ, ಕಂಬಳಿ ಎಲ್ಲ ದಾಟಿ ಎಲುಬಿಗೆ ಹೋಗುತ್ತೆ. ತಡೆಯೋಕೆ ಸೀಸ ಬೇಕು, ಇಲ್ಲ ದಪ್ಪ ಗೋಡೆ ಬೇಕು.”

“ಅವ್ರಿಗಿದು ಗೊತ್ತಿರಲಿಲ್ಲೇನ್ರಿ?” ಎಂದಳು ನನ್ನ ಹೆಂಡತಿ ಕರಿಯಕ್ಕ.

ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು.

ಈಗ ಪಾಲಾಕ್ಷಪ್ಪ ಜೀಪಿನಿಂದಲೇ ಹೊಸ ಕಂಬಳಿಯೊಂದನ್ನು ನಮ್ಮ ಅಂಗಳಕ್ಕೆ ಎಸೆದ. “ಅಂಜಿನಿಗೆ ಹೊಸಾದ ತಂದೀನಿ. ನಿಮ್ಮಂಥೋರಿಗೆ ಎಷ್ಟು ಮಾಡಿದ್ರೂ ಅಷ್ಟ.”

ಅಂಜಿನಿ ಎತ್ತಿಕೊಳ್ಳಲು ಬಗ್ಗಿದ. ನಾನು ಅವನಿಗಿಂತ ಮೊದಲು ಎತ್ತಿ, ಜೀಪಿನ ಹತ್ತಿರ ಹೋಗಿ, ಪಾಲಾಕ್ಷಪ್ಪನ ಹೆಗಲಿಗೇ ಹೊದಿಸಿದೆ.

“ನೀವ ಹೊದ್ಕರಿ ಸಾವ್ಕಾರ್ರ. ಆ ಪೆಟ್ಟಿಗಿ ಒಳಗಿಂದು ಹೊರಗ ತಗದು ಮುಂದ ಕುಂದರ್ರಿ. ಸಂಜೀತನ ಕುಂತ್ರಿ ಅಂದ್ರ ಅಂಜಿನೀನ ನಾನ ಕರಕಂಬರ್ತೀನಿ.”

“ಸೂಳೆಮಗನ, ಸೊಕ್ಕು ಬಂತೇನಲೇ?”

“ಮಗ ಹ್ವಾದ. ಸೊಕ್ಕೊಂದಾರ ಉಳೀಲಿ ಬಿಡ್ರಿ.”

ಆತ ಡ್ರೈವರನಿಗೆ ಕೈಸನ್ನೆ ಮಾಡಿದ. ಆದರೆ ಕರಿಯಕ್ಕ ಆಗಲೇ ಜೀಪಿನ ಗಾಲಿಯ ಮುಂದೆ ಕುಳಿತುಬಿಟ್ಟಿದ್ದಳು. “ಬಳ್ಳಾರಿಗೆ ನಡೀರಿ. ನನ್ನ ಮಗನ ಹೆಣ ಇದರಾಗ ಬರಬೇಕು,” ಎಂದಳು. ಅಂಜಿನಿ ಹೋಗಿ ಅವ್ವನ ಪಕ್ಕ ಕುಳಿತ. ಕೇರಿಯವರು ಒಬ್ಬೊಬ್ಬರಾಗಿ ಬಂದು ಕುಳಿತರು. ಡ್ರೈವರು ಇಂಜಿನ್ ಆರಿಸಿದ.

ಕೊಟ್ಟೂರು ಬಸಪ್ಪಾ, ನನ್ನ ದುರುಗಣ್ಣನನ್ನು ನಿನ್ನ ಪಾದದಲ್ಲಿ ಇಟ್ಟುಕೋ ತಂದೆ. ಅವನ ಎಲುಬಿನೊಳಗಿನ ಉರಿ ಆರಲಿ. ಆ ಜೀವ ತಣ್ಣಗಿರಲಿ.