ಪ್ರೂಯಿಟ್ ಆರಿಸಿದ ಅಧಿಕಾರಿ

ಟೆಕ್ಸಾಸ್ ಸೇನಾನೆಲೆಯ ಟ್ಯಾಂಕ್ ರಿಪೇರಿ ಶೆಡ್ಡಿನಲ್ಲಿ ಅಂದು ಸಾರ್ಜೆಂಟ್ ಲವಾನ್ ಪ್ರೂಯಿಟ್ ತನ್ನ ಅವಧಿ ಮುಗಿಸಿ ಇನ್ನೂ ಆರು ವರ್ಷಕ್ಕೆ ಮತ್ತೆ ಸೇನೆಗೆ ಸೇರುವವಳಿದ್ದಳು. ಹದಿನಾಲ್ಕು ತಿಂಗಳ ಹಿಂದೆ ಟ್ಯಾಂಕಿನ ಉಕ್ಕಿನ ಪಟ್ಟಿ ಜಾರಿ ಅವಳ ಎಡಗಾಲು ಜಜ್ಜಿಹೋಗಿತ್ತು. ಇನ್ನು ಓಡುವ ಮಾತೇ ಇಲ್ಲ ಎಂದಿದ್ದರು ಡಾಕ್ಟರು. ಕಳೆದ ವಾರ ಅದೇ ಕಾಲಲ್ಲಿ ಎರಡು ಮೈಲಿ ಓಡಿ, ಪರೀಕ್ಷೆ ಗೆದ್ದು, ಗೆರೆ ದಾಟಿದ್ದೇ ವಾಂತಿ ಮಾಡಿಕೊಂಡು ನಕ್ಕಿದ್ದಳು.

ಪ್ರಮಾಣ ಬೋಧಿಸುವ ಅಧಿಕಾರಿಯನ್ನು ಆರಿಸುವುದು ಸೈನಿಕರ ಹಕ್ಕು. ಪ್ರೂಯಿಟ್ ಆರಿಸಿದ್ದು ಲೆಫ್ಟಿನೆಂಟ್ ಕೊರಿನ್ ಹಾಲ್ಡಮನ್‌ಳನ್ನು. ಇಪ್ಪತ್ನಾಲ್ಕರ ಕೊರಿನ್‌ಗೆ ಇದು ಮೊದಲ ಸಮಾರಂಭ. ಪ್ರೂಯಿಟ್ ಊರುಗೋಲು ಬಿಟ್ಟ ದಿನದಿಂದ ಬೆಳಬೆಳಗ್ಗೆ ಜೊತೆಗೆ ನಡೆದು, ಆಮೇಲೆ ಓಡಿದವಳು ಅವಳೇ.

ಹಿಂದಿನ ದಿನ ಹಳೆಯ ಹುಲಿ ಫಸ್ಟ್ ಸಾರ್ಜೆಂಟ್ ಓಸ್ಟ್ರಾಂಡರ್ ಬುದ್ಧಿ ಹೇಳಿದ್ದ: "ಚೀಟಿ ನೋಡಿ ಓದ್ಬೇಡಿ ಮೇಡಂ. ತುಂಡುತುಂಡಾಗಿ ಹೇಳಿ, ಅವಳಿಗೆ ಉಸಿರಾಡೋಕೆ ಬಿಡಿ. ಅವಳ ಅಮ್ಮನ್ನ ಮುಂದೆ ನಿಲ್ಸಿ. ದೊಡ್ಡೋರು ಹಿಂದೆ ನಿಂತ್ರೆ ಆಕಾಶ ಏನೂ ಕಳಚಿ ಬೀಳಲ್ಲ."

ಎಲ್ಲರೂ ಸಾಲು ನಿಂತಾಗ ಕರ್ನಲ್ ವಿಟ್ಲಾಕ್ ಹೇಳದೆ ಕೇಳದೆ ಬಂದಿಳಿದರು. ಕೊರಿನ್‌ಳ ಮೇಲಧಿಕಾರಿ ಮೇಜರ್ ಕೀಗನ್ ಅವಳ ಕಿವಿಯಲ್ಲಿ ಉಸುರಿದ: "ಕರ್ನಲ್ಲೇ ಪ್ರಮಾಣ ಮಾಡಿಸಲಿ. ನೀನು ಪಕ್ಕಕ್ಕೆ ಸರಿ."

ಕೊರಿನ್ ಸರಿಯಲಿಲ್ಲ. ನೇರ ಕರ್ನಲ್ ಮುಂದೆ ಹೋಗಿ ನಿಂತಳು.

"ಸರ್, ಸಾರ್ಜೆಂಟ್ ನನ್ನನ್ನ ಆರಿಸಿದ್ದಾಳೆ. ಅವಳ ಮಾತು ನಾನು ಮೀರೋ ಹಾಗಿಲ್ಲ."

ಮೇಜರ್ ಮುಖ ಕೆಂಡವಾಯಿತು. ಕರ್ನಲ್ ಕೊರಿನ್ ಕಡೆ ತಿರುಗಿದರು.

"ಹಾಗಾದ್ರೆ ನನಗೇನು ಕೆಲಸ, ಲೆಫ್ಟಿನೆಂಟ್?"

"ನಮ್ಮ ಹಿಂದೆ ನಿಂತು ಬಾವುಟದ ಒಂದು ತುದಿ ಹಿಡ್ಕೊಳ್ಳಿ ಸರ್. ಇನ್ನೊಂದು ಓಸ್ಟ್ರಾಂಡರ್ ಹಿಡೀತಾರೆ."

ಕರ್ನಲ್ ನಕ್ಕು ಟೋಪಿ ಸರಿಮಾಡಿಕೊಂಡು ಬಾವುಟ ಹಿಡಿದು ನಿಂತರು.

ಕೊರಿನ್ ಮೊದಲು ಹಳೆಯ ಅವಧಿ ಮುಗಿಯಿತೆಂಬ ಗೌರವದ ಬಿಡುಗಡೆ ಪತ್ರ ಕೊಟ್ಟಳು; ಹೊಸ ಪ್ರಮಾಣದವರೆಗೆ ಪ್ರೂಯಿಟ್ ಸೈನಿಕಳಲ್ಲ. "ಈಗ ನೀನು ಸ್ವತಂತ್ರಳು, ಲವಾನ್. ಬೇಕಾದ್ರೆ ಆ ಗೇಟಿಂದ ಆಚೆ ನಡೆದುಬಿಡಬಹುದು."

"ಹಾಗಂದ್ರೆ ಈ ಒಂದು ನಿಮಿಷ ನಿನ್ನನ್ನ ಕೊರಿನ್ ಅಂತ ಕರೀಬಹುದಾ?"

"ಬೇಗ ಕರಿ, ಹೊತ್ತಾಗ್ತಿದೆ!"

"ಕೊರಿನ್, ನೀನು ಆಮೆ ಥರ ಓಡ್ತೀಯ!"

ಶೆಡ್ಡಿಗೆ ಶೆಡ್ಡೇ ನಗೆಯಲ್ಲಿ ಅದುರಿತು. ಆಮೇಲೆ ಪ್ರೂಯಿಟ್ ತಾನಾಗಿಯೇ ಸೆಟೆದು ನಿಂತು ಬಲಗೈ ಎತ್ತಿದಳು. ಕೊರಿನ್ ಚೀಟಿ ತೆಗೆಯಲಿಲ್ಲ. ಸಂವಿಧಾನವನ್ನು ಒಳಗಿನ, ಹೊರಗಿನ ಎಲ್ಲ ಶತ್ರುಗಳಿಂದ ಕಾಯುತ್ತೇನೆ ಎಂಬ ಮಾತುಗಳನ್ನು ಅವಳು ಒಂದೊಂದೇ ತುಂಡಾಗಿ ಕೊಟ್ಟಳು. ಪ್ರೂಯಿಟ್ ಒಂದಕ್ಕಿಂತ ಒಂದನ್ನು ಗಟ್ಟಿಯಾಗಿ ಹಿಂದಿರುಗಿಸಿದಳು. ಕೊನೆಗೆ ಬಂದಾಗ ಇಬ್ಬರ ಕಣ್ಣಲ್ಲೂ ನೀರು.

ಪ್ರೂಯಿಟ್‌ಳ ಅಮ್ಮ ಸಾಲು, ಶಿಸ್ತು ಯಾವುದನ್ನೂ ಲೆಕ್ಕಿಸದೆ ನುಗ್ಗಿ ಬಂದು ಮಗಳನ್ನೂ ಕೊರಿನ್‌ಳನ್ನೂ ಒಟ್ಟಿಗೇ ತಬ್ಬಿದಳು. ಮೆಕ್ಯಾನಿಕ್‌ಗಳು ಸ್ಪ್ಯಾನರ್‌ನಿಂದ ಟ್ಯಾಂಕಿನ ಮೈ ಬಡಿಯತೊಡಗಿದರು. ಆ ಗದ್ದಲದ ನಡುವೆ ಕರ್ನಲ್ ಬಾವುಟ ಬಿಡದೆ ಕೂಗಿದರು: "ಮೇಜರ್, ಮುಂದಿನ ಸಲ ನನ್ನ ಅಧಿಕಾರಿಗಳಿಗೆ ಇದನ್ನ ಕಲಿಸೋಕೆ ಈ ಹುಡುಗೀನೇ ಕರೀರಿ!"