ಹೋಳಿ ಹುಣ್ಣಿಮೆಯ ಮಾತು

ಶಶಿಕಾಂತ ಹತ್ತೊಂಬತ್ತರ ವಯಸ್ಸಿನಲ್ಲಿ ಆಡಿದ ಹೊಲಸು ಮಾತು, ಅವನು ಪುರಸಭೆಯ ಅಧ್ಯಕ್ಷನಾದ ಮೇಲೆ, ರೋಣದಿಂದ ಗಜೇಂದ್ರಗಡದವರೆಗೆ ಎಲ್ಲರ ಮೊಬೈಲಿಗೂ ಬಂದು ಬಿತ್ತು. ಮಸುಕು ವಿಡಿಯೋ. ಮುಖದ ತುಂಬ ಬಣ್ಣ ಬಳಿದುಕೊಂಡ ಹುಡುಗನೊಬ್ಬ ಹಲಗೆ ಬಡಿಯುವವರ ನಡುವೆ ನಿಂತು, ಬಳೆ ಮಾರುವ ಜೈತೂನಬಿಯ ಹೆಸರು ಹಿಡಿದು ಕೂಗುತ್ತಾನೆ. ಗಂಡ ಸತ್ತವಳು ಮನೆಮನೆಗೆ ಹೋಗಿ ಬರೀ ಬಳೆ ಮಾರುತ್ತಾಳೇನು ಎಂದು ಕೇಳುತ್ತಾನೆ. ಮುಂದಿನದು ಬರೆಯುವಂಥದ್ದಲ್ಲ. ಸುತ್ತಲಿನವರು ನಗುತ್ತಾರೆ.

ಹೋಳಿಯಲ್ಲಿ ಬಾಯಿ ಬಡಿದುಕೊಂಡು ಬೈಯುವುದು ಈ ಸೀಮೆಯ ರೂಢಿ. ಆ ದಿನದ ಬೈಗುಳವನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದು. ಆದರೆ ರೂಢಿ ಯಾರೊಬ್ಬರ ಮನೆಯನ್ನೂ ಹುಡುಕಿಕೊಂಡು ಹೋಗುವುದಿಲ್ಲ. ಶಶಿಕಾಂತ ಅವಳ ಬಾಗಿಲಿಗೇ ಹೋಗಿದ್ದ. ಒಳಗೆ ಜೈತೂನಬಿ ಮತ್ತು ಮಗಳು ಮುನೀರಾ ಕದ ಒತ್ತಿ ಹಿಡಿದು ನಿಂತಿದ್ದರು. ಆಮೇಲೆ ಜೈತೂನಬಿ ಪೇಟೆಯ ಕಡೆ ಕಾಲಿಡಲಿಲ್ಲ. ಶಶಿಕಾಂತನ ತಾಯಿಗೆ ಬಳೆ ಇಡಿಸುತ್ತಿದ್ದವಳೂ ಅವಳೇ. "ಅಂವ ನಿನ್ನ ಹೆಸರು ಅಂದss ಇಲ್ಲ, ನಿನಗ ಹಂಗ ಕೇಳಿಸೇತಿ" ಎಂದು ಊರವರು ಅವಳಿಗೇ ಬುದ್ಧಿ ಹೇಳಿದರು. ಊರೆಂದರೆ ಹಾಗೆಯೇ, ಬಡವರ ಕಿವಿಯೇ ಸರಿಯಿರುವುದಿಲ್ಲ.

ಈಗ ಮುನೀರಾ ಅದೇ ಪುರಸಭೆಯ ಸದಸ್ಯೆ. ವಿಡಿಯೋ ಹಬ್ಬಿಸಿದ್ದು ಯಮನೂರಪ್ಪ ಎಂಬ ಇನ್ನೊಬ್ಬ ಸದಸ್ಯ. ಶಶಿಕಾಂತನನ್ನು ಇಳಿಸಿ ತಾನು ಕೂರಬೇಕೆಂದು ಅವನು ಅವಿಶ್ವಾಸ ನಿರ್ಣಯ ತಂದಿದ್ದ. ಯಮನೂರಪ್ಪ ಎಂದೂ ಹೊಲಸು ಮಾತಾಡಿದವನಲ್ಲ, ಮಾತಾಡದೆಯೇ ಮಾಡುವವನು. ಮುನೀರಾಳ ಓಣಿಯನ್ನು ಕೆಡವಿ ಅಂಗಡಿ ಸಾಲು ಕಟ್ಟಿಸಬೇಕೆಂಬುದು ಅವನ ಹಳೆಯ ಆಸೆ. ಅದಕ್ಕೆ ಅಡ್ಡ ನಿಂತವನು ಶಶಿಕಾಂತ. ಓಣಿಗೆ ನೀರಿನ ಪೈಪು ಹಾಕಿಸಿದವನೂ ಅವನೇ. ನಿರ್ಣಯ ಗೆಲ್ಲಲು ಯಮನೂರಪ್ಪನಿಗೆ ಒಂದೇ ಮತ ಕಡಿಮೆ ಬಿದ್ದಿದ್ದರಿಂದ ಮುನೀರಾಳ ಒಂದು ಮತದ ಮೇಲೆ ಎಲ್ಲವೂ ನಿಂತಿತ್ತು.

ಸಭೆಯ ಹಿಂದಿನ ದಿನ ಶಶಿಕಾಂತ ಅವಳ ಮನೆಗೆ ಬಂದ. ಕುರ್ಚಿಯ ತುದಿಯಲ್ಲಿ ಕುಳಿತ.

"ಅಂದದ್ದು ಖರೇ ಅಕ್ಕಾ. ಕುಡದಿದ್ದೆ. ಹುಡುಗಬುದ್ಧಿ. ನೆನಪಾದ್ರ ಇವತ್ತಿಗೂ ನಾಚಿಕಿ ಬರತೈತಿ."

ಅವನ ಕಣ್ಣಲ್ಲಿ ನೀರಿತ್ತು, ಅದು ನಾಟಕದ ನೀರಲ್ಲ. ಮುನೀರಾಳಿಗೆ ಅವನನ್ನು ಕ್ಷಮಿಸಬೇಕು ಅನಿಸಿತು. ಹತ್ತೊಂಬತ್ತರ ಹುಡುಗನ ಶಿಕ್ಷೆಯನ್ನು ಈ ಮನುಷ್ಯನಿಗೆ ಕೊಡುವುದು ಸರಿಯಲ್ಲ ಅಂತಲೂ ಅನಿಸಿತು.

"ನನ್ನ ಮುಂದ ಅಂದ್ರ ಏನಾತ್ರಿ? ನಾಳಿ ಸಭಾದಾಗ ಎಲ್ಲಾರ ಮುಂದ ಒಂದss ಸಲ ಅಂದುಬಿಡ್ರಿ, ಹೌದು, ಅಂದಿದ್ದೆ ಅಂತ. ನಮ್ಮವ್ವ ಜೀವಂತ ಇರೂದ್ರಾಗ ಅದನ್ನ ಕೇಳಲಿ. ನನ್ನ ಮತ ನಿಮಗss."

"ಅಂತೀನಕ್ಕಾ, ದೇವರಾಣೆ" ಎಂದ ಶಶಿಕಾಂತ.

ಮರುದಿನ ಸಭೆ ತುಂಬಿತ್ತು. ಕಿಟಕಿಗಳಲ್ಲಿ ಜನ, ಜನರ ಕೈಯಲ್ಲಿ ಮೊಬೈಲು. ಯಮನೂರಪ್ಪ ವಿಡಿಯೋ ಹಾಕಿ, "ಇಂಥಾ ಬಾಯಿ ಇದ್ದಂವ ಊರಿಗೆ ಅಧ್ಯಕ್ಷ ಆಗಿರಬೇಕೇನ್ರಿ?" ಎಂದ. ಶಶಿಕಾಂತ ಎದ್ದು ನಿಂತ. ಅವನು ಜನರನ್ನು ನೋಡಿದ, ಅಧ್ಯಕ್ಷನ ಕುರ್ಚಿಯನ್ನು ನೋಡಿದ.

"ಇದು ನಾನಲ್ಲರಿ. ಈಗ ಯಾರ ದನಿ ಬೇಕಾದ್ರೂ ಕಂಪ್ಯೂಟರಿನಾಗ ಮಾಡ್ತಾರ. ಬಣ್ಣದಾಗ ಮುಖಾನರ ಕಾಣತೈತೇನು? ಬೇಕಾರ ಮುನೀರಕ್ಕನ್ನss ಕೇಳ್ರಿ. ಅವರ ತಾಯಿಗೆ ನಾ ಎಂದಾದ್ರೂ ಹಂಗ ಅಂದೇನೇನು?"

ಎಲ್ಲರೂ ಅವಳತ್ತ ತಿರುಗಿದರು. ಎಂಥ ಜಾಣ! ನಿನ್ನೆ ಅತ್ತವನೇ ಇವತ್ತು ಅವಳ ಕೈಯಿಂದಲೇ ತನ್ನ ಬಾಯಿ ತೊಳೆಸಿಕೊಳ್ಳುತ್ತಿದ್ದ. ಹೌದು ಅಂದರೆ ಸುಳ್ಳಿನಲ್ಲಿ ಸಿಕ್ಕಿಬಿದ್ದ ಅವನನ್ನು ಅವನ ಕಡೆಯವರೇ ಕೈಬಿಡುತ್ತಾರೆ, ಯಮನೂರಪ್ಪ ಬರುತ್ತಾನೆ, ಅವನ ಹಿಂದೆಯೇ ಜೆಸಿಬಿ ಬರುತ್ತದೆ. ಮುನೀರಾಳಿಗೆ ತನ್ನ ಓಣಿಯ ಒಂದೊಂದು ಬಾಗಿಲೂ ಕಣ್ಣಿಗೆ ಕಟ್ಟಿತು. ಇಬ್ಬರನ್ನೂ ಶಪಿಸಿದಳು, ಮನಸ್ಸಿನಲ್ಲೇ.

"ಇಲ್ಲರಿ" ಎಂದಳು. "ಅವರು ಅಂದಿಲ್ಲ."

ಅವಿಶ್ವಾಸ ಬಿದ್ದುಹೋಯಿತು. ಹೊರಗೆ ಪಟಾಕಿ ಹಾರಿದವು. ಶಶಿಕಾಂತ ಅವಳ ಕಾಲು ಮುಟ್ಟಲು ಬಂದಾಗ ಅವಳು ಆಗಲೇ ಮೆಟ್ಟಿಲು ಇಳಿದಿದ್ದಳು.

ಮನೆಯಲ್ಲಿ ಜೈತೂನಬಿ ಗೋಡೆಗೆ ಒರಗಿ ಕುಳಿತಿದ್ದಳು. ಪಕ್ಕದ ಮನೆಯವರು ತಮ್ಮ ಮೊಬೈಲಿನಲ್ಲಿ ಅವಳಿಗೆ ಸಭೆಯನ್ನು ಪೂರ್ತಿ ತೋರಿಸಿದ್ದರು.

"ಮನಿ ಉಳಿಸಿದಿ, ಚಲೋ ಆತು" ಎಂದಳು ಜೈತೂನಬಿ. "ಊರಾಗ ನನ್ನ ಮಾತು ನಂಬಾಕಿ ನೀ ಒಬ್ಬಾಕಿ ಇದ್ದಿ. ಹಂಗಾದ್ರ ಇಷ್ಟು ವರ್ಷ ಸುಳ್ಳು ಹೇಳಿದಾಕಿ ನಾನss ಅಂತಾತಲ್ಲವಾ?"

ಮುನೀರಾ ಅವಳ ಕೈ ಹಿಡಿಯಲು ಹೋದಳು. ಜೈತೂನಬಿ ಕೈ ಹಿಂದಕ್ಕೆ ಎಳೆದುಕೊಂಡಳು.